ಮಸುಕಲ್ಲ, ತರಿತರಿ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ. ಧಾರವಾಡದಲ್ಲಿ ಎಂ.ಕಾಂ. ಮುಗಿಸಿ, ಬ್ಯಾಂಕು ಸೇರಿ, 1986ರಲ್ಲಿ ವರ್ಗವಾಗಿ ಪುಣೆಗೆ ಬಂದು, ಇಲ್ಲಿಯೇ ನಿವೃತ್ತನಾದವನು. ಮೂವತ್ತೇಳು ವರ್ಷ ಬೇರೆಯವರ ಸಹಿ, ಬೇರೆಯವರ ಫೋಟೋ, ಬೇರೆಯವರ ಅಂಕಿ ನೋಡಿದ್ದೇ ನನ್ನ ವಿದ್ಯೆ. ಹಾಗಾಗಿ ಈ ಬರಹವನ್ನು ವಿಮರ್ಶೆ ಅನ್ನದೆ ತಪಾಸಣೆ ವರದಿ ಅಂದರೂ ನನಗೆ ಬೇಜಾರಿಲ್ಲ. ತಪಾಸಣೆಗೆ ತೆಗೆದುಕೊಂಡಿರುವುದು ಒಂದೇ ಒಂದು ಶಬ್ದ. 'ಮಸುಕು'.

ಹೊರನಾಡಿನಲ್ಲಿರುವ ಕನ್ನಡಿಗರು ನಾವು ವರ್ಷಕ್ಕೊಂದು ಸ್ಮರಣ ಸಂಚಿಕೆ ತರುತ್ತೇವೆ. ಪುಣೆ ಇರಲಿ, ಮುಂಬಯಿ ಇರಲಿ, ಹೈದರಾಬಾದ್ ಇರಲಿ, ರಾಜ್ಯೋತ್ಸವ ಬಂತೆಂದರೆ ಸಂಚಿಕೆ ಬಂತು. ಅದರಲ್ಲಿ ಜಾಹೀರಾತು, ಅಧ್ಯಕ್ಷರ ಮಾತು, ಒಂದಷ್ಟು ಕವನ, ಮತ್ತೆ ಊರಿನ ನೆನಪಿನ ಲೇಖನಗಳು. ನಿವೃತ್ತಿಯಾದ ಮೇಲೆ ಮನೆಯಲ್ಲಿದ್ದ ಹಳೇ ಸಂಚಿಕೆಗಳನ್ನೆಲ್ಲ ಕಪಾಟಿನಿಂದ ಇಳಿಸಿ ಕೂತು ಓದಿದೆ. ಕೈಯಲ್ಲಿ ಕೆಂಪು ಪೆನ್ಸಿಲ್, ಹಳೇ ಚಟ! 'ಮಸುಕು ನೆನಪು', 'ಮಸುಕಾದ ಚಿತ್ರ', 'ಮಸುಕು ಮಸುಕಾಗಿ ಕಾಣುವ ಬಾಲ್ಯ' ಅಂತ ಕಂಡಲ್ಲೆಲ್ಲ ಗೀಟು ಹಾಕುತ್ತ ಹೋದೆ. ಸ್ವಲ್ಪ ಹೊತ್ತಿನಲ್ಲಿ ಎಣಿಸುವುದನ್ನು ಬಿಟ್ಟೆ. ಊರು ಬಿಟ್ಟವರಿಗೆ ಊರು ಮಸುಕಾಗಿಯೇ ಕಾಣಬೇಕು ಅಂತ ಯಾವುದೋ ಹೆಡ್ ಆಫೀಸಿನಿಂದ ಸುತ್ತೋಲೆ ಬಂದ ಹಾಗಿತ್ತು.

ನಗುವ ಮೊದಲು ಇನ್ನೊಂದು ಸಂಚಿಕೆ ತೆರೆದೆ. 2008ರದು. ಅದರಲ್ಲಿ ನನ್ನದೇ ಲೇಖನ. ಎರಡನೇ ಪ್ಯಾರಾದಲ್ಲಿ ನಾನೇ ಬರೆದಿದ್ದೆ, ಅವ್ವನ ಮುಖ ಇವತ್ತಿಗೂ ಕಣ್ಣ ಮುಂದೆ ಮಸುಕಾಗಿ ತೇಲುತ್ತದೆ ಅಂತ. ಅದನ್ನು ಓದಿದ ಕೂಡಲೆ ಅಕ್ಕನ ಫೋನು ನೆನಪಾಯಿತು. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು, ಧಾರವಾಡದಲ್ಲೇ ಇದ್ದಾಳೆ. ಆಗ ಸಂಚಿಕೆ ಕಳಿಸಿದ್ದೆ. ಮೆಚ್ಚಿ ಮಾತಾಡುತ್ತಾಳೆ ಅಂತ ಕಾದರೆ ಆಕೆ ಕೇಳಿದ್ದು ಇಷ್ಟೇ.

"ಅವ್ವನ ಮುಖ ಮಸುಕು ಅಂತ ಬರದೀಯಲ್ಲೋ ತಮ್ಮಾ, ನಿನಗ ಆಕಿ ನೆನಪಿಲ್ಲೇನು?"

ಆಗ ನಾನು, "ಇಲ್ಲಕ್ಕಾ, ಅದು ಬರೀ ಬರಿಯೂ ರೀತಿ" ಅಂದು ತೇಲಿಸಿಬಿಟ್ಟೆ. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ನಾನು ಬರೆದದ್ದು ಸುಳ್ಳು. ಅವ್ವನ ಮುಖ ನನಗೆ ಮಸುಕಾಗಿ ಕಾಣುವುದಿಲ್ಲ. ಹಾಗಾದರೆ ಹೇಗೆ ಕಾಣುತ್ತದೆ? ಅದಕ್ಕೆ ನನ್ನಲ್ಲಿ ಶಬ್ದ ಇರಲಿಲ್ಲ. ಇರಲಿಲ್ಲ ಅನ್ನುವುದಕ್ಕಿಂತ, ಅದು ಇದ್ದದ್ದು ಅಡಿಗೆಮನೆಯಲ್ಲಿ. ಅಲ್ಲಿಂದ ತಂದು ಇಲ್ಲಿ ಹಾಕಬೇಕು ಅಂತ ಹೊಳೆದಿರಲಿಲ್ಲ.

ಆ ಶಬ್ದ 'ತರಿತರಿ'. ಶೇಂಗಾ ಹಿಂಡಿ ಕುಟ್ಟಿದರೆ ತರಿತರಿ ಇರಬೇಕು. ಕಲ್ಲಿನ ಒಳ್ಳಿನಲ್ಲಿ ಕುಟ್ಟಿದರೆ ಹಾಗೆ ಬರುತ್ತದೆ. ಮಿಕ್ಸರಿಗೆ ಹಾಕಿ ಒಂದು ಸುತ್ತು ಜಾಸ್ತಿ ತಿರುಗಿಸಿದಿರೋ, ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ರುಚಿ ಹೋಯಿತು. ಅಕ್ಕಿ ತರಿ, ಗೋಧಿ ತರಿ ಅಂತ ನಾವು ಹೇಳುವುದು ಹಿಟ್ಟೂ ಅಲ್ಲದ, ಇಡೀ ಕಾಳೂ ಅಲ್ಲದ ಆ ನಡುವಿನ ಸ್ಥಿತಿಗೆ. ಬೆರಳ ನಡುವೆ ಹಿಡಿದು ಉಜ್ಜಿದರೆ ಒಂದೊಂದು ಕಣವೂ ತಾನಿದ್ದೇನೆ ಅನ್ನುತ್ತದೆ. ಬ್ಯಾಂಕಿನವನಿಗೆ 'ತರಿ' ಅಂದರೆ ಇನ್ನೊಂದು ಅರ್ಥವೂ ಗೊತ್ತು. ಬೆಳೆಸಾಲದ ಅರ್ಜಿಯ ಜೊತೆ ಬರುವ ಪಹಣಿಯಲ್ಲಿ ಖುಷ್ಕಿ, ತರಿ, ಬಾಗಾಯತು ಅಂತ ಇರುತ್ತದಲ್ಲ, ಆ ತರಿ ಅಂದರೆ ನೀರಾವರಿ ಜಮೀನು. ಅದು ಪಾರ್ಸಿಯಿಂದ ಕಚೇರಿಗೆ ಬಂದ ಬೇರೆ ಶಬ್ದ. ನಾನು ಹೇಳುತ್ತಿರುವುದು ನಮ್ಮ ಒಳ್ಳಿನ ತರಿ.

ಪುಣೆಗೆ ಬಂದ ಮೇಲೆ ಮರಾಠಿಯಲ್ಲಿ ಇದಕ್ಕೊಂದು ಚೆಂದದ ಶಬ್ದ ಕೇಳಿದೆ, 'ರವಾಳ'. ತುಪ್ಪ ರವಾಳ ಇರಬೇಕು, ಬೇಸನ್ ಉಂಡಿಗೆ ಹಿಟ್ಟು ರವಾಳ ಇರಬೇಕು. ಹಿಂದಿಯವರು 'ದಾನೇದಾರ್' ಅನ್ನುತ್ತಾರೆ. ನಮ್ಮಲ್ಲಿ ತುಪ್ಪಕ್ಕೆ ಹರಳು ಹರಳು, ಮರಳು ಮರಳು ಅನ್ನುತ್ತೇವೆ. ಎಲ್ಲವೂ ಹೊಗಳಿಕೆ. ಗಮನಿಸಿ, ನಾಲಗೆಗೆ ಮತ್ತು ಕೈಗೆ ಸಂಬಂಧಪಟ್ಟಾಗ ಕಣಕಣವಾಗಿರುವುದು ನಮ್ಮ ಎಲ್ಲ ಭಾಷೆಗಳಲ್ಲಿ ಗುಣ. ಕಣ್ಣಿನ ವಿಷಯಕ್ಕೆ ಬಂದ ಕೂಡಲೆ ಅದೇ ದೋಷವಾಗುತ್ತದೆ. ಫೋಟೋ ಕಣಕಣವಾಗಿದ್ದರೆ ನಾವು ತರಿತರಿ ಅನ್ನುವುದಿಲ್ಲ, ಮಸುಕು ಅಂದುಬಿಡುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಶಬ್ದ, 'ಗ್ರೇನಿ'. ನನ್ನ ಮೊಮ್ಮಗ ಹಿಟ್ಟಿಗೂ ಅದನ್ನೇ ಅನ್ನುತ್ತಾನೆ, ಫೋಟೋಕ್ಕೂ ಅದನ್ನೇ ಅನ್ನುತ್ತಾನೆ. ನಮಗೆ ಆ ಸೇತುವೆ ಇಲ್ಲ ಅಂತಲ್ಲ. ಇದ್ದರೂ ನಾವು ದಾಟಿಲ್ಲ.

ದಾಟದೆ ಇದ್ದರೆ ನಷ್ಟ ಏನು? ಎರಡೂ ಸ್ಪಷ್ಟವಾಗಿ ಕಾಣದ್ದೇ ಅಲ್ಲವೇ? ಅಲ್ಲ. ಇಲ್ಲಿ ಸ್ವಲ್ಪ ಲೆಕ್ಕ ಬಿಡಿಸಬೇಕು.

ಮಸುಕು ಏನು ಅಂತ ನನಗೆ ಖಾತ್ರಿಯಾಗಿ ಗೊತ್ತಿದೆ. ಮೂರು ವರ್ಷದ ಹಿಂದೆ ನನ್ನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎದುರಿಗೆ ಬಂದವರ ಮೂಗು ಎಲ್ಲಿ ಮುಗಿಯುತ್ತದೆ, ಗಲ್ಲ ಎಲ್ಲಿ ಶುರುವಾಗುತ್ತದೆ ಗೊತ್ತಾಗುತ್ತಿರಲಿಲ್ಲ. ಒಂದು ಇನ್ನೊಂದರೊಳಗೆ ಕಲಸಿಹೋಗುತ್ತಿತ್ತು. ಶಸ್ತ್ರಚಿಕಿತ್ಸೆ ಆಯಿತು, ಮಸುಕು ಹೋಯಿತು. ಆಮೇಲೆ ಮನೆಗೆ ಬಂದು ಗೋಡೆಯ ಮೇಲಿದ್ದ ಅವ್ವನ ಫೋಟೋ ನೋಡಿದೆ. ಅದು ಮೊದಲಿಗಿಂತ ಹೆಚ್ಚು ತರಿತರಿಯಾಗಿ ಕಂಡಿತು! ಅಂದರೆ ಅದು ನನ್ನ ಕಣ್ಣಿನ ದೋಷವಲ್ಲ. ಆ ಚಿತ್ರವನ್ನು ಮಾಡಿದ್ದೇ ಆ ಕಣಗಳಿಂದ.

ಫೋಟೋ ರೀಲಿನ ಮೇಲೆ ಲೇಪನ ಇರುತ್ತದಲ್ಲ, ಅದರಲ್ಲಿ ಬೆಳ್ಳಿಯ ಲವಣದ ಅತಿ ಸಣ್ಣ ಹರಳುಗಳಿರುತ್ತವೆ. ಬೆಳಕು ತಾಗಿದ ಹರಳು ತೊಳೆಯುವಾಗ ಕಪ್ಪು ಬೆಳ್ಳಿಯಾಗಿ ನಿಲ್ಲುತ್ತದೆ, ತಾಗದ್ದು ಕರಗಿಹೋಗುತ್ತದೆ. ಹರಳು ದೊಡ್ಡದಿದ್ದಷ್ಟು ಕಡಿಮೆ ಬೆಳಕಿನಲ್ಲಿ ಕೆಲಸ ಮಾಡುತ್ತದೆ. ಹಾಗಾಗಿ ಕತ್ತಲಲ್ಲಿ, ಮನೆಯೊಳಗೆ, ದೀಪವಿಲ್ಲದೆ ತೆಗೆಯಬೇಕಾದರೆ ದಪ್ಪ ಹರಳಿನ ರೀಲು ಬೇಕಾಗುತ್ತಿತ್ತು. ಅಂಥ ಚಿತ್ರವನ್ನು ದೊಡ್ಡದು ಮಾಡಿದರೆ ಹರಳು ಎದ್ದು ಕಾಣುತ್ತದೆ. ಅದೇ ತರಿ. ಅಂದರೆ ತರಿ ಒಂದು ಲೆಕ್ಕ ಹೇಳುತ್ತದೆ, ತೆಗೆಯುವಾಗ ಎಷ್ಟು ಬೆಳಕಿತ್ತು, ನಾವು ಎಷ್ಟು ದೂರದಲ್ಲಿದ್ದೆವು, ಎಷ್ಟು ಸಣ್ಣದನ್ನು ಎಷ್ಟು ದೊಡ್ಡದು ಮಾಡಿದ್ದೇವೆ ಅಂತ. ಮಸುಕು ಇಂಥ ಯಾವ ಲೆಕ್ಕವನ್ನೂ ಕೊಡುವುದಿಲ್ಲ.

ಬ್ಯಾಂಕಿನ ಉದಾಹರಣೆ ಕೊಡುತ್ತೇನೆ. ಶಾಖೆಗಳು ಕಂಪ್ಯೂಟರಿಗೆ ಹೋದಾಗ ಗ್ರಾಹಕರ ಮಾದರಿ ಸಹಿಯ ಕಾರ್ಡುಗಳನ್ನೆಲ್ಲ ಸ್ಕ್ಯಾನ್ ಮಾಡಿದೆವು. ಅವಸರದ ಕೆಲಸ. ಕೆಲವು ಸಹಿ ಪರದೆಯ ಮೇಲೆ ರವೆ ಚೆಲ್ಲಿದ ಹಾಗೆ ಬರುತ್ತಿತ್ತು. ಆದರೂ ಚೆಕ್ಕು ಪಕ್ಕಕ್ಕಿಟ್ಟು ನೋಡಿದರೆ ಮುದುಕರ ಕೈ ಎಲ್ಲಿ ನಡುಗಿದೆ, ಪೆನ್ನು ಎಲ್ಲಿ ಎತ್ತಿ ಇಟ್ಟಿದ್ದಾರೆ ಎಲ್ಲ ತಿಳಿಯುತ್ತಿತ್ತು. ಧೈರ್ಯವಾಗಿ ಪಾಸು ಮಾಡುತ್ತಿದ್ದೆ. ಸ್ಕ್ಯಾನ್ ಮಾಡುವಾಗ ಕಾರ್ಡು ಅಲುಗಿ ಮಸುಕಾಗಿ ಬಂದ ಸಹಿ ಮಾತ್ರ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಅದು ಯಾರದಾದರೂ ಆಗಬಹುದಿತ್ತು. ತರಿಯಲ್ಲಿ ಸಾಕ್ಷಿ ಉಳಿಯುತ್ತದೆ, ನಡುನಡುವೆ ತೂತು ಬಿದ್ದಿರುತ್ತದೆ ಅಷ್ಟೇ. ಮಸುಕಿನಲ್ಲಿ ಸಾಕ್ಷಿಯೇ ಹೋಗಿರುತ್ತದೆ.

ನಮ್ಮ ಸಿನಿಮಾ ಬರಹದಲ್ಲೂ ಇದೇ ಗೋಜಲು. ಎಪ್ಪತ್ತರ ದಶಕದ ಕನ್ನಡದ ಹೊಸ ಅಲೆಯ ಕಪ್ಪು-ಬಿಳುಪು ಚಿತ್ರಗಳ ಬಗ್ಗೆ ಮಾತು ಬಂದಾಗ, ಅವು ಮಸುಕು, ಮಬ್ಬು, ಬಡತನದ ಚಿತ್ರಗಳು ಅನ್ನುವ ದನಿಯನ್ನು ನಾನು ಎಷ್ಟೋ ಕಡೆ ಕೇಳಿದ್ದೇನೆ. ಹೊಗಳುವವರು ಕೂಡ ಚಿತ್ರ ಮಸುಕಾಗಿದ್ದರೂ ಕಥೆ ಗಟ್ಟಿ ಅಂತ ಕ್ಷಮೆ ಕೊಟ್ಟು ಹೊಗಳುತ್ತಾರೆ.

ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ವನ್ನೇ ತೆಗೆದುಕೊಳ್ಳಿ. 1977ರ ಚಿತ್ರ. ಯು.ಆರ್. ಅನಂತಮೂರ್ತಿಯವರ ಕಥೆ, ಎಸ್. ರಾಮಚಂದ್ರ ಅವರ ಛಾಯಾಗ್ರಹಣ, ಬಿ.ವಿ. ಕಾರಂತರ ಸಂಗೀತ. ಸ್ವರ್ಣಕಮಲ ಬಂತು. ಕಾಸರವಳ್ಳಿಯವರೂ ಒಂದು ಕಾಲಕ್ಕೆ ನಮ್ಮ ಹಾಗೆ ಪುಣೆಗೆ ಬಂದವರೇ. ಇಲ್ಲಿನ ಲಾ ಕಾಲೇಜು ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಮಲೆನಾಡಿಗೆ ಹಿಂದಿರುಗಿ ಈ ಚಿತ್ರ ಮಾಡಿದರು. ನಾನು ಅದನ್ನು ಮೊದಲು ನೋಡಿದ್ದು ಎಂಬತ್ತರ ದಶಕದ ಕೊನೆಗೆ, ದೂರದರ್ಶನದಲ್ಲಿ. ಆಗ ರವಿವಾರ ಮಧ್ಯಾಹ್ನ ಪ್ರಶಸ್ತಿ ಪಡೆದ ಪ್ರಾದೇಶಿಕ ಚಿತ್ರ ಹಾಕುತ್ತಿದ್ದರು. ಕನ್ನಡದ ಸರದಿ ಬರುವವರೆಗೆ ಕಾಯಬೇಕು. ಬಂದ ದಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಪರಿಚಯದ ನಾಲ್ಕು ಕನ್ನಡ ಸಂಸಾರ ಸೇರಿದ್ದೆವು. ಒಬ್ಬರು ತಾರಸಿಯ ಮೇಲೆ ಅಂಟೆನಾ ತಿರುಗಿಸುವುದು, ಇನ್ನೊಬ್ಬರು ಕಿಟಕಿಯಿಂದ "ಸಾಕ್ರೀ, ಸಾಕ್ರೀ, ಅಲ್ಲೇ ಬಿಡ್ರಿ" ಅಂತ ಕೂಗುವುದು. ಪರದೆ ತುಂಬ ಅಕ್ಕಿ ನುಚ್ಚು ಸುರಿದಂತೆ.

ಆ ನುಚ್ಚಿನಲ್ಲಿ ಎಷ್ಟು ಅಂಟೆನಾದ್ದು, ಎಷ್ಟು ಪ್ರಿಂಟಿನದು, ಎಷ್ಟು ರೀಲಿನದು ಅಂತ ಆಗ ಯಾರಿಗೆ ಗೊತ್ತು? ಆದರೆ ಎಳೆಯ ವಿಧವೆ ಯಮುನಾಳ ಪಾತ್ರದಲ್ಲಿ ಮೀನಾ ಕುಟ್ಟಪ್ಪ, ಆಕೆಯ ಸುತ್ತ ಸುಳಿಯುವ ಹುಡುಗ ನಾಣಿ, ಕಾಡಿನ ಕತ್ತಲು, ಇವೆಲ್ಲ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿವೆ. ಕೊನೆಗೆ ತಲೆ ಬೋಳಿಸಿಕೊಂಡು, ಎಲ್ಲರೂ ಬಿಟ್ಟುಹೋದ ಆಕೆ ಮರದ ಕೆಳಗೆ ಕೂತಿರುವುದನ್ನು ನೋಡುವಾಗ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಹುಡುಗನಿಗೆ ಎಲ್ಲವೂ ಅರ್ಥವಾಗುವುದಿಲ್ಲ. ಅವನಿಗೆ ಸಿಗುವುದು ತುಣುಕುಗಳು, ಒಂದು ಮುಖ, ಒಂದು ಗುಸುಗುಸು, ಕತ್ತಲಲ್ಲಿ ಒಂದು ಬೆಳಕು. ಆ ಚಿತ್ರದ ತರಿ ಆ ಹುಡುಗನ ಅರಿವಿಗೆ ಸರಿಯಾಗಿ ಹೊಂದುತ್ತದೆ. ಸಿಕ್ಕಷ್ಟು ಬೆಳಕಿನಲ್ಲಿ ಕಂಡಷ್ಟು. ಅದಕ್ಕೆ ಮಸುಕು ಅನ್ನುವವರು ಚಿತ್ರ ಏನು ಕಾಣಿಸುತ್ತಿದೆ ಅನ್ನುವುದನ್ನೇ ಸರಿಯಾಗಿ ನೋಡಿಲ್ಲ ಅಂತ ನನಗನ್ನಿಸುತ್ತದೆ.

ಇದೇ ಚಿತ್ರವನ್ನು ಮೂಲ ನೆಗೆಟಿವ್‌ನಿಂದ ಮತ್ತೆ ಸಿದ್ಧಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದರು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನೂ, ಮಾರ್ಟಿನ್ ಸ್ಕೋರ್ಸೆಸಿ 1990ರಲ್ಲಿ ಕಟ್ಟಿದ ಫಿಲ್ಮ್ ಫೌಂಡೇಶನ್ನೂ ಸೇರಿ ಮಾಡಿದ ಕೆಲಸ. ನೆಗೆಟಿವ್ ಉಳಿದದ್ದು 1964ರಲ್ಲಿ ಶುರುವಾದ, ನಮ್ಮ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ. ಮಲೆನಾಡಿನ ಒಂದು ಅಗ್ರಹಾರದ ಕಥೆ ಪರಊರಿನ ಕಪಾಟಿನಲ್ಲಿ ಜೋಪಾನವಾಗಿತ್ತು ಅನ್ನುವುದು ಹೊರನಾಡಿನವರಾದ ನಮಗೆ ಹೆಮ್ಮೆಯ ಸಂಗತಿಯೇ.

ಹೀಗೆ ಹಳೇ ಚಿತ್ರಗಳಿಗೆ ಜೀವ ಕೊಡುವವರಲ್ಲಿ ಒಂದು ಶಿಸ್ತಿದೆ. ಧೂಳು ತೆಗೆಯಬೇಕು, ಗೀರು ತೆಗೆಯಬೇಕು, ಬೂಷ್ಟು ತೆಗೆಯಬೇಕು. ತರಿಯನ್ನು ಮಾತ್ರ ಅಳಿಸಬಾರದು. ಏಕೆಂದರೆ ಧೂಳು ಹೊರಗಿನಿಂದ ಬಂದದ್ದು, ತರಿ ಚಿತ್ರದ್ದೇ. ಕಂಪ್ಯೂಟರಿನಲ್ಲಿ ತರಿ ಅಳಿಸಲು ಹೊರಟರೆ ಮುಖದ ಗೆರೆ, ಸೀರೆಯ ನೇಯ್ಗೆ, ಮರದ ತೊಗಟೆ ಎಲ್ಲ ಜೊತೆಗೇ ಹೋಗಿ, ನಟರು ಮೇಣದ ಬೊಂಬೆಯ ಹಾಗೆ ಕಾಣುತ್ತಾರೆ. ಹಳೇ ಚಿತ್ರಗಳ ಕೆಲವು ಹೊಳೆಯುವ ಆವೃತ್ತಿಗಳನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ.

ಈಗ ಅವ್ವನ ಫೋಟೋದ ಕಥೆ ಹೇಳಬೇಕು. ಇಷ್ಟು ಹೊತ್ತು ಅದನ್ನೇ ಮುಂದೂಡುತ್ತಿದ್ದೆ.

ಅವ್ವ ತೀರಿಕೊಂಡದ್ದು 1967ರಲ್ಲಿ, ನನಗೆ ಎಂಟು ವರ್ಷ. ಆಕೆಯದು ಒಂದೇ ಫೋಟೋ. ಅದೂ ಆಕೆಯದಲ್ಲ. ಹಿಂದಿನ ವರ್ಷ ಸೋದರಮಾವನ ಮದುವೆಯಲ್ಲಿ ತೆಗೆಸಿದ ಗುಂಪು ಫೋಟೋ, ನಲವತ್ತು ಮಂದಿ. ಅವ್ವ ಹಿಂದಿನ ಸಾಲಿನಲ್ಲಿ, ತುದಿಗೆ. ಮುಖ ತೊಗರಿ ಕಾಳಿನಷ್ಟು. 1988ರಲ್ಲಿ ಅದನ್ನು ಪುಣೆಗೆ ತಂದು, ಸದಾಶಿವ ಪೇಟೆಯ ಒಬ್ಬ ವಯಸ್ಸಾದ ಸ್ಟುಡಿಯೋದವರ ಹತ್ತಿರ ಹೋಗಿ, ಈ ಒಂದು ಮುಖ ಮಾತ್ರ ದೊಡ್ಡದು ಮಾಡಿಕೊಡಿ ಅಂದೆ. ಅವರು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. "ಗ್ರೇನ್ ಯೇಣಾರ್, ಸಾಹೇಬ್" ಅಂದರು. ಬಂದರೆ ಬರಲಿ ಅಂದೆ. ಬಣ್ಣ ತುಂಬಿ, ತಿದ್ದಿ ಕೊಡಲೇ ಅಂತ ಕೇಳಿದರು. ಬೇಡ ಅಂದೆ. ಯಾಕೆ ಬೇಡ ಅಂದೆನೋ ಆಗ ನನಗೂ ತಿಳಿಯದು. ತಿದ್ದಲು ಬೇರೆ ದುಡ್ಡು ಕೊಡಬೇಕಿತ್ತು, ಅದೂ ಒಂದು ಕಾರಣ ಇರಬಹುದು.

ಬಂದ ಚಿತ್ರ ಹತ್ತಿರದಿಂದ ನೋಡಿದರೆ ಬರೀ ಕರಿ ರವೆ, ಬಿಳಿ ರವೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅವ್ವ. ಮೂವತ್ತಾರು ವರ್ಷ ಅದು ಹಾಗೆಯೇ ಗೋಡೆಯ ಮೇಲಿತ್ತು.

ಹೋದ ವರ್ಷ ಮೊಮ್ಮಗ ಅದರ ಫೋಟೋ ತೆಗೆದು, ಫೋನಿನಲ್ಲಿ ಏನೋ ಒತ್ತಿ, ಓಡಿಬಂದ. "ಅಜ್ಜಾ, ನೋಡಿಲ್ಲಿ, ಮುತ್ತಜ್ಜಿನ್ನ ಕ್ಲೀನ್ ಮಾಡೇನಿ!" ನೋಡಿದೆ. ಚೆಂದದ ಹೆಂಗಸು. ನುಣುಪಾದ ಗಲ್ಲ, ಒಂದೊಂದಾಗಿ ಎಣಿಸಬಹುದಾದ ಹುಬ್ಬಿನ ಕೂದಲು, ಹೊಳೆಯುವ ಕಣ್ಣು. ಹುಡುಗ ಇಷ್ಟು ಖುಷಿಯಿಂದ ತೋರಿಸುವಾಗ ಏನು ಹೇಳಲಿ? "ಛಲೋ ಆಗೇದಪ್ಪಾ" ಅಂದೆ. ಆದರೆ ಆಕೆ ಯಾರೋ ನನಗೆ ಗೊತ್ತಿರಲಿಲ್ಲ.

ಆ ಚಿತ್ರವನ್ನು ಮೊಮ್ಮಗನೇ ಅಕ್ಕನಿಗೂ ಕಳಿಸಿಬಿಟ್ಟಿದ್ದ. ಸಂಜೆ ಅಕ್ಕನ ಫೋನು ಬಂತು.

"ಇದು ಯಾರೋ?"

"ಅವ್ವ ಅಕ್ಕಾ. ಹುಡುಗ ಸ್ವಚ್ಛ ಮಾಡ್ಯಾನ."

"ಅವ್ವ ಎಲ್ಲಿ ಅದ? ಅವ್ವನ ಗಲ್ಲ ಹಿಂಗಿತ್ತೇನು? ಆಕಿಗೆ ಸಣ್ಣಾಕಿದ್ದಾಗ ಸಿಡುಬು ಬಂದಿತ್ತು. ಗಲ್ಲ ತರಿತರಿ ಇತ್ತು. ನಾ ತಲಿ ಬಾಚಿಸ್ಕೊಳ್ಳುವಾಗ ಕೈ ಹಚ್ಚಿ ನೋಡತಿದ್ದೆ."

ನಾನು ಫೋನು ಹಿಡಿದು ಸುಮ್ಮನೆ ನಿಂತೆ. ಈ ಸಂಗತಿ ನನಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಮರೆತಿದ್ದೆನೋ! ಆ ತಲೆಮಾರಿನಲ್ಲಿ ಸಿಡುಬಿನ ಕಲೆ ಇದ್ದ ಮುಖಗಳು ಬೇಕಾದಷ್ಟಿದ್ದವು. ನಮ್ಮ ದೇಶದಲ್ಲಿ ಅದರ ಕಡೆಯ ಪ್ರಕರಣ ಕಂಡದ್ದು 1975ರಲ್ಲಿ. ಈಗಿನ ಮಕ್ಕಳು ಅಂಥ ಮುಖ ನೋಡಿಯೇ ಇಲ್ಲ. ಮೊಮ್ಮಗನ ಫೋನಿನೊಳಗಿನ ಯಂತ್ರಕ್ಕಂತೂ ಏನು ತಿಳಿಯಬೇಕು? ಅದು ಎಲ್ಲವನ್ನೂ ಫೋಟೋದ ದೋಷ ಅಂತ ತಿಳಿದು ಸಾಪು ಮಾಡಿತು. ಗೋಡೆಯ ಚಿತ್ರದ ಮುಂದೆ ಹೋಗಿ ನಿಂತೆ. ಗಲ್ಲದ ಮೇಲಿನ ಆ ಕರಿ ಚುಕ್ಕೆಗಳಲ್ಲಿ ಯಾವುದು ಬೆಳ್ಳಿಯ ಹರಳು, ಯಾವುದು ಅವ್ವನ ಕಲೆ? ಇವತ್ತಿಗೂ ಬೇರೆ ಮಾಡಲು ನನಗೆ ಬಂದಿಲ್ಲ. ಮುಖ ತೊಗರಿ ಕಾಳಿನಷ್ಟಿದ್ದ ಚಿತ್ರದಲ್ಲಿ ಕಲೆ ಮೂಡಿಯೇ ಇರಲಿಕ್ಕಿಲ್ಲ, ಎಲ್ಲ ಬರೀ ಹರಳೇ ಇರಬಹುದು. ಆದರೆ ಬೇರೆ ಮಾಡಲು ಬಾರದವನು ಅಳಿಸುವ ಕೆಲಸಕ್ಕೆ ಕೈ ಹಾಕಬಾರದು ಅನ್ನುವಷ್ಟು ಮಾತ್ರ ಆ ದಿನ ಗೊತ್ತಾಯಿತು.

ಈಗ ನಮ್ಮ ಬರಹಗಳಿಗೆ ಬರುತ್ತೇನೆ. ಊರು ಬಿಟ್ಟು ಬರೆಯುವವರಲ್ಲಿ ಮೂರು ದೋಷ ಕಾಣುತ್ತೇನೆ. ನನ್ನನ್ನು ಮೊದಲು ಸೇರಿಸಿಯೇ ಹೇಳುತ್ತಿದ್ದೇನೆ.

ಒಂದು, ಮಸುಕು. ಹಸಿರು ಗದ್ದೆ, ಹರಿಯುವ ಹೊಳೆ, ಗುಡಿಯ ಗಂಟೆ, ಅವ್ವನ ಕೈರುಚಿ. ಇದು ಯಾರ ಊರು? ಧಾರವಾಡ ಜಿಲ್ಲೆಯವರೂ ಇದನ್ನೇ ಬರೆಯುತ್ತಾರೆ, ಉಡುಪಿಯವರೂ ಇದನ್ನೇ ಬರೆಯುತ್ತಾರೆ. ನಮ್ಮೂರಿನಲ್ಲಿ ಹೊಳೆಯೇ ಇಲ್ಲ, ಕೆರೆ ಇದೆ. ಅದೂ ಬೇಸಿಗೆಯಲ್ಲಿ ಬತ್ತುತ್ತಿತ್ತು. ಆದರೂ ನನ್ನ 2008ರ ಲೇಖನದಲ್ಲಿ ಒಂದು ಹೊಳೆ ಹರಿದಿದೆ! ಇದು ಅಲುಗಿದ ಕಾರ್ಡಿನ ಸಹಿ ಇದ್ದ ಹಾಗೆ, ಯಾರದಾದರೂ ಆಗಬಹುದು.

ಎರಡು, ನುಣುಪು. ಮೊಮ್ಮಗನ ಫೋನು ಮಾಡಿದ ಕೆಲಸ. ಊರಿನಲ್ಲಿ ಜಗಳವಿರಲಿಲ್ಲ, ಸಾಲವಿರಲಿಲ್ಲ, ಯಾರನ್ನೂ ಹೊರಗಿಟ್ಟಿರಲಿಲ್ಲ, ಎಲ್ಲರೂ ಒಂದೇ ಮನೆಯವರಂತಿದ್ದರು ಅಂತ ಬರೆಯುವುದು. ಹಾಗಿದ್ದಿದ್ದರೆ ನಾವು ಬಿಟ್ಟು ಬಂದದ್ದಾದರೂ ಯಾಕೆ? ಕಲೆಗಳನ್ನು ಅಳಿಸಿದ ಊರು ಚೆಂದ ಕಾಣುತ್ತದೆ, ಗುರುತು ಮಾತ್ರ ಸಿಗುವುದಿಲ್ಲ.

ಮೂರು, ಮೇಲಿಂದ ಉದುರಿಸಿದ ತರಿ. ಇದು ಇತ್ತೀಚಿನದು. ಮದುವೆ ವಿಡಿಯೋ ಮಾಡುವವರು ಸ್ವಚ್ಛವಾಗಿ ಬಂದ ಚಿತ್ರದ ಮೇಲೆ ಕಂಪ್ಯೂಟರಿನಿಂದ ಗೀರು, ಚುಕ್ಕೆ ಹಾಕಿ ಹಳೇ ಕಾಲದ್ದು ಅನ್ನಿಸುತ್ತಾರಲ್ಲ, ಹಾಗೆ. ಬರಹದಲ್ಲಿ ಅದು ಹೇಗಿರುತ್ತದೆ ಅಂದರೆ, ಮನೆಯಲ್ಲಿ ಎಂದೂ ಆಡದ ಹಳ್ಳಿ ಶಬ್ದಗಳನ್ನು ಹುಡುಕಿ ತಂದು ಅಲ್ಲಲ್ಲಿ ಒಗ್ಗರಣೆ ಹಾಕುವುದು. ಓದುವವನ ನಾಲಗೆಗೆ ಅದು ತರಿಯಂತೆ ತಾಗುವುದಿಲ್ಲ, ಅನ್ನದೊಳಗಿನ ಕಲ್ಲಿನಂತೆ ತಾಗುತ್ತದೆ.

ಹಾಗಾದರೆ ಹೇಗೆ ಬರೆಯಬೇಕು? ಪಾಠ ಹೇಳುವ ಅಧಿಕಾರ ನನಗಿಲ್ಲ. ನನ್ನ ಆ ಪ್ಯಾರಾವನ್ನೇ ಮತ್ತೆ ಬರೆದು ನೋಡಿದೆ. ಕಂಡದ್ದನ್ನು ಇದ್ದಷ್ಟೇ ಬರೆಯುವುದು, ಕಾಣದ್ದನ್ನು ಖಾಲಿ ಬಿಡುವುದು ಅಂತ ನಿಯಮ ಹಾಕಿಕೊಂಡೆ. ಬಂದದ್ದು ಇಷ್ಟು.

ಅವ್ವ ಸೆರಗಿನ ತುದಿಗೆ ಚಿಲ್ಲರೆ ಗಂಟು ಹಾಕಿಕೊಳ್ಳುತ್ತಿದ್ದಳು. ಹಾಲಿನವ ಬಂದಾಗ ಗಂಟನ್ನು ಹಲ್ಲಿನಿಂದ ಬಿಚ್ಚುತ್ತಿದ್ದಳು. ನಯಾ ಪೈಸೆ ಬಂದದ್ದು 1957ರಲ್ಲಿ. ಹತ್ತು ವರ್ಷವಾದರೂ ಅವ್ವ ಆಣೆಯಲ್ಲೇ ಎಣಿಸುತ್ತಿದ್ದಳು. ನಾಲ್ಕಾಣೆಗೆ ಇಪ್ಪತ್ತೈದು ಪೈಸೆ ಅಂತ ಆಕೆಗೆ ನಾನೇ ಲೆಕ್ಕ ಹೇಳುತ್ತಿದ್ದೆ. ಹಾಗೆ ನೋಡಿದರೆ ಅದೇ ನನ್ನ ಮೊದಲ ಬ್ಯಾಂಕು. ಆಕೆಯ ಬೆರಳು ನೆನಪಿದೆ, ನಾಣ್ಯದ ಸಪ್ಪಳ ನೆನಪಿದೆ. ಆಕೆಯ ದನಿ ನೆನಪಿಲ್ಲ. ಎಷ್ಟು ಕೂತು ಯೋಚಿಸಿದರೂ ಇಲ್ಲ. ಹೋದ ದಿನ ನೆನಪಿದೆ, ಆದರೆ ಆ ದಿನದ್ದು ನೆನಪಿರುವುದು ಪಡಸಾಲೆಯಲ್ಲಿ ಯಾರೋ ಬಿಟ್ಟುಹೋದ ಒಂದು ಜೊತೆ ಚಪ್ಪಲಿ ಮಾತ್ರ. ಆಕೆಯ ಗಲ್ಲದ ಮೇಲೆ ಸಿಡುಬಿನ ಕಲೆ ಇದ್ದವಂತೆ. ಅದನ್ನು ಅಕ್ಕ ಹೇಳಿ ತಿಳಿದೆ.

ಇದರಲ್ಲಿ ತೂತು ಬಹಳ. ಹೊಳೆ ಇಲ್ಲ, ಗುಡಿ ಇಲ್ಲ, ದನಿಯೂ ಇಲ್ಲ. ಆದರೆ ಮಸುಕು ಒಂದೂ ಇಲ್ಲ. ಒಂದೊಂದು ಕಣವೂ ಬೇರೆ ಬೇರೆಯಾಗಿ ಕೈಗೆ ತಾಗುತ್ತದೆ. ನಾಲ್ಕು ಹೆಜ್ಜೆ ಹಿಂದೆ ನಿಂತು ಓದಿದರೆ ಒಂದು ಮುಖ ಕಂಡರೂ ಕಾಣಬಹುದು. ಊರಿನಿಂದ ದೂರ ಇರುವವರಿಗೆ ಆ ನಾಲ್ಕು ಹೆಜ್ಜೆ ಹೇಗೂ ಸಿಕ್ಕೇ ಇದೆ.

ಹೊಸ ಪ್ಯಾರಾವನ್ನು ದೊಡ್ಡ ಅಕ್ಷರದಲ್ಲಿ ಟೈಪು ಮಾಡಿಸಿ ಅಕ್ಕನಿಗೆ ಕಳಿಸಿದೆ. ಆಕೆಗೂ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ, ಯಾರಾದರೂ ಓದಿ ಹೇಳಬೇಕು. ಎರಡು ದಿನ ಬಿಟ್ಟು ಫೋನು ಮಾಡಿದಳು. ಛಲೋ ಬರದಿ ಅಂತಲೂ ಅನ್ನಲಿಲ್ಲ, ಕೆಟ್ಟ ಬರದಿ ಅಂತಲೂ ಅನ್ನಲಿಲ್ಲ.

"ಗಲ್ಲ ಅಂತ ಸುಮ್ನ ಬರದೀಯಲ್ಲ, ಎಡಗಲ್ಲ ಅಂತ ಹಾಕು" ಅಂದಳು. "ಬಲಕ್ಕ ಅಷ್ಟು ಇರಲಿಲ್ಲ."

ಹಾಕಿದ್ದೇನೆ.